ಸಂಪಿಲ್ಲದ ಪಂಪು

ಗುಡ್... ಸ್ಸ್... ಗುಡ್... ಸ್ಸ್...

ಮೇಜಿನ ಮೇಲೆ ಓಡುತ್ತಿದ್ದ ಹಳೆಯ ಪಿಸ್ಟನ್ ಪಂಪಿನ ಬೆನ್ನಿಗೆ ಉದ್ದನೆಯ ಸ್ಕ್ರೂಡ್ರೈವರಿನ ತುದಿ ಒತ್ತಿ, ಅದರ ಹಿಡಿಯನ್ನು ಕಿವಿಗೆ ಆನಿಸಿಕೊಂಡು, ಮೇಸ್ತ್ರಿ ಕಣ್ಣು ಮುಚ್ಚಿ ಕೂತಿದ್ದ.

ಮೇಸ್ತ್ರಿ: ಕೇಳಿಸ್ತಾ? ಶಾಫ್ಟು ಸರಿಯಾಗಿದೆ, ಬೇರಿಂಗು ಸರಿಯಾಗಿದೆ. ವಾಲ್ವು ಮುಚ್ಚಿಕೊಳ್ತಿಲ್ಲ, ನೀರು ಹಿಂದಕ್ಕೆ ಬರ್ತಿದೆ. ಅಷ್ಟೇ ಕಾಯಿಲೆ.

ಟೈಲರಮ್ಮ: ಡಾಕ್ಟರೂ ಇದನ್ನೇ ಹೇಳಿದ್ದು.

ಮೇಸ್ತ್ರಿ: ಈ ಪಂಪಿನ ಬಗ್ಗೆನಾ?

ಟೈಲರಮ್ಮ: ಅಲ್ಲ. ಇದಕ್ಕೆ ಕಿವಿ ಕೊಟ್ಟು ಕೂತಿರೋ ಪಂಪಿನ ಬಗ್ಗೆ.

ಮೇಸ್ತ್ರಿ ಕಣ್ಣು ತೆರೆಯಲಿಲ್ಲ. ಕೇಳಬೇಕಾದದ್ದು ಮಾತ್ರ ಕೇಳುವ ಕಿವಿ ಅವನದು.

ಅವರ ಮನೆಯ ಮುಂದಿನ ಕೋಣೆಗೆ ಎರಡು ಬೋರ್ಡು. ಬಾಗಿಲಿನ ಎಡಕ್ಕೆ ಪಂಪು ರಿಪೇರಿಯದು, ಬಲಕ್ಕೆ ಹೊಲಿಗೆಯದು. ಒಳಗೆ ನೆಲದ ಮೇಲೆ, ಕೋಣೆಯನ್ನು ಸರಿಯಾಗಿ ಎರಡು ಪಾಲು ಮಾಡುವಂತೆ ಒಂದು ಬಿಳಿ ಗೆರೆ. ಬಟ್ಟೆಗೆ ಗುರುತು ಹಾಕುವ ಸುಣ್ಣದ ಬಿಲ್ಲೆಯಲ್ಲಿ ಟೈಲರಮ್ಮ ಅದನ್ನು ಎಳೆಯುವಳು. ಮೇಸ್ತ್ರಿಯ ಗ್ರೀಸು ನಿಧಾನವಾಗಿ ತೆವಳಿ ಬಂದು ಅದನ್ನು ಅಳಿಸುವುದು. ಮದುವೆಯಾದಾಗಿನಿಂದ ಈ ಗಡಿತಂಟೆ ನಡೆದೇ ಇತ್ತು.

ಇವತ್ತು ಆ ಗೆರೆಯ ಮೇಲೆಯೇ ಒಂದು ಬಟ್ಟೆಯ ಚೀಲ ಕೂತಿತ್ತು. ಅದರಲ್ಲಿ ಎರಡು ಲುಂಗಿ, ಟವೆಲ್ಲು, ಹಲ್ಲುಜ್ಜುವ ಬ್ರಷ್ಷು. ಮಧ್ಯಾಹ್ನದೊಳಗೆ ಆಸ್ಪತ್ರೆಗೆ ಬಂದು ಸೇರಿಕೊಳ್ಳಬೇಕು, ಆಗಲೇ ಎರಡು ಸಲ ಮುಂದಕ್ಕೆ ಹಾಕಿದ್ದಾಯಿತು, ಇನ್ನು ಹಾಕಲಾಗದು ಎಂದು ಹೃದಯದ ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಮೇಸ್ತ್ರಿ ಬೆಳಗಿನಿಂದ ಆ ಚೀಲವನ್ನು, ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಬಿಟ್ಟುಹೋದ ಸಾಮಾನನ್ನು ಬಳಸಿಕೊಂಡು ಹೋಗುವಂತೆ, ಸುತ್ತುಹಾಕಿ ಓಡಾಡುತ್ತಿದ್ದ.

ಮೇಸ್ತ್ರಿ: ನಾನು ವಾಲ್ವಿಗೇ ಹುಟ್ಟಿದವನು ಕಣೇ. ನನ್ನ ವಾಲ್ವು ಹಾಳಾಗಿದ್ರೆ ನನಗೆ ಗೊತ್ತಾಗಲ್ವಾ?

ಟೈಲರಮ್ಮ: ಗೊತ್ತಾಗತ್ತೆ ಅಂತ ನಾನೂ ಕಾದೆ. ನಿಮ್ಮ ಸ್ಕ್ರೂಡ್ರೈವರು ನಿಮ್ಮ ಎದೆಗೆ ಎಟುಕಲ್ವಲ್ಲ, ಪಾಪ.

ಮೇಸ್ತ್ರಿ: ಆ ಡಾಕ್ಟರು ಮಾತ್ರ ಏನು ಮಾಡಿದ? ತಣ್ಣಗಿರೋದೊಂದನ್ನ ಎದೆ ಮೇಲಿಟ್ಟು, ಕಿವಿಗೆ ಕೊಳವೆ ಸಿಕ್ಕಿಸಿಕೊಂಡು ಕೇಳಿದ. ನಾನು ಮಾಡೋದೂ ಅದೇ. ಅವನಿಗೆ ಬಿಳಿ ಕೋಟಿದೆ, ನನಗಿಲ್ಲ.

ಟೈಲರಮ್ಮ: ಕೋಟು ನಾನೇ ಹೊಲಿದು ಕೊಡ್ತೀನಿ, ಮೊದಲು ಹೊರಡಿ. ಆಮೇಲೆ ಸ್ಕ್ಯಾನ್ ಮಾಡಿ ತೆರೆ ಮೇಲೆ ತೋರಿಸಿದ್ರಲ್ಲ, ಅದನ್ನ ಯಾಕೆ ಬಿಟ್ರಿ? ವಾಲ್ವಿನ ಬಾಗಿಲು ಪಟಪಟ ಅಂತ ಹೊಡ್ಕೊಳ್ತಿದ್ದದ್ದು ನನಗೇ ಕಾಣ್ತು.

ಮೇಸ್ತ್ರಿ: ತೆರೆ ಮೇಲೆ ಕಂಡಿದ್ದೆಲ್ಲ ನಿಜವಾದ್ರೆ ಸಿನಿಮಾದಲ್ಲಿ ಸತ್ತವರಿಗೆಲ್ಲ ನಾವು ಹೆಗಲು ಕೊಡಬೇಕಾಗ್ತಿತ್ತು.

ಅವನ ಎದೆಯ ಸದ್ದನ್ನು ಮೊದಲು ಕೇಳಿದವಳು ಅವಳೇ. ಹಿಂದೊಂದು ದಿನ ಮಧ್ಯಾಹ್ನ ಊಟವಾದ ಮೇಲೆ ಅವನು ಕುರ್ಚಿಯಲ್ಲಿ ತೂಕಡಿಸುತ್ತಿದ್ದ. ಅವನ ಅಂಗಿಗೆ ಅಂಟಿದ್ದ ದಾರದ ಚೂರೊಂದನ್ನು ಹಲ್ಲಿನಲ್ಲಿ ಕಚ್ಚಿ ತೆಗೆಯಲು ಅವಳು ಬಾಗಿದ್ದಳು. ಗುಡ್, ಸ್ಸ್. ಇಷ್ಟು ವರ್ಷ ಗೆರೆಯ ಆಚೆಯಿಂದ ಕೇಳುತ್ತಿದ್ದ ಶಬ್ದ ಅವತ್ತು ಅವಳ ಗಂಡನ ಒಳಗಿನಿಂದ ಬರುತ್ತಿತ್ತು. ಒಳ್ಳೆಯ ಶಬ್ದ ಯಾವುದು, ಕೆಟ್ಟದ್ದು ಯಾವುದು ಎನ್ನುವುದು ಪಂಪಿನವನ ಹೆಂಡತಿಗೆ ಯಾರೂ ಕಲಿಸಿಕೊಡಬೇಕಾಗಿರಲಿಲ್ಲ.

ಮೇಸ್ತ್ರಿ ಪಂಪು ನಿಲ್ಲಿಸಿ, ಮೇಜಿನ ಕೆಳಗಿದ್ದ ದೊಡ್ಡ ಜಗ್ಗನ್ನು ಎತ್ತಿಕೊಂಡ. ಅದು ಪಂಪಿಗೆ ನೀರು ತುಂಬಿಸುವ ಜಗ್ಗು. ಬೆಳಿಗ್ಗೆ, ಸಂಜೆ ಅದನ್ನು ತುಂಬಿಸಿಡುವುದು ಟೈಲರಮ್ಮನ ಕೆಲಸ. ಅವಳು ನೋಡನೋಡುತ್ತಿದ್ದಂತೆ ಅವನು ಅದನ್ನು ಪಂಪಿನ ಬಾಯಿಗಲ್ಲ, ತನ್ನ ಬಾಯಿಗೇ ಬಗ್ಗಿಸಿ ಗಟಗಟನೆ ಕುಡಿಯತೊಡಗಿದ.

ಟೈಲರಮ್ಮ: ರೀ! ಏನು ಮಾಡ್ತಿದ್ದೀರಿ?

ಮೇಸ್ತ್ರಿ: ಕಾಣಲ್ವಾ? ತುಂಬಿಸ್ತಿದ್ದೀನಿ.

ಟೈಲರಮ್ಮ: ಏನನ್ನ?

ಮೇಸ್ತ್ರಿ: ನನ್ನನ್ನ. ವಾಲ್ವು ಬಿಡ್ತಿದ್ರೆ ಪಂಪಿನೊಳಗಿನ ನೀರು ಕೆಳಗೆ ಇಳಿದುಹೋಗತ್ತೆ, ಬರೀ ಗಾಳಿ ಹೊಡೆಯತ್ತೆ. ಆಗ ಮೇಲಿಂದ ನೀರು ಸುರಿದು ತುಂಬಿಸಬೇಕು, ಹಿಡ್ಕೊಳ್ಳತ್ತೆ. ಡಾಕ್ಟರು ಹೇಳಿದ ದಿನದಿಂದ ಬೆಳಿಗ್ಗೆ ಒಂದು ಜಗ್ಗು, ಸಂಜೆ ಒಂದು ಜಗ್ಗು ತಪ್ಪಿಸಿಲ್ಲ.

ಟೈಲರಮ್ಮ: ನೀರು ಕಡಿಮೆ ಕುಡೀರಿ ಅಂತ ಅವರು ಬೆರಳು ಮಡಚಿ ಮಡಚಿ ಹೇಳಿದ್ರಲ್ಲ!

ಮೇಸ್ತ್ರಿ: ಅದಕ್ಕೇ ನನಗೆ ಅನುಮಾನ ಬಂದದ್ದು. ವಾಲ್ವು ಬಿಡ್ತಿರೋ ಪಂಪಿಗೆ ನೀರು ಕೊಡಬೇಡ ಅನ್ನೋನು ಎಲ್ಲಿ ಕೆಲಸ ಕಲಿತನೋ.

ಪಂಪಿಗೆ ಎಂದುಕೊಂಡು ಆ ಜಗ್ಗನ್ನು ತುಂಬಿಸಿಡುತ್ತ ಬಂದವಳು ಟೈಲರಮ್ಮನೇ. ಮೊಣಕಾಲೂರಿ ಕೂತು, ಕತ್ತಿನಲ್ಲಿ ನೇತಾಡುತ್ತಿದ್ದ ಅಳತೆಯ ಟೇಪನ್ನು ಎಳೆದು ಅವನ ಕಣಕಾಲಿಗೆ ಸುತ್ತಿದಳು. ಬೆರಳಿನಿಂದ ಒತ್ತಿದಳು. ಒತ್ತಿದ ಕಡೆ ಗುಳಿ ಬಿದ್ದು, ಹಾಗೇ ಉಳಿಯಿತು.

ಟೈಲರಮ್ಮ: ಚಪ್ಪಲಿ ಚಿಕ್ಕದಾಯ್ತು ಅಂತ ಅಂಗಡಿಯವನ ಜೊತೆ ಜಗಳ ಆಡಿ ಬಂದ್ರಲ್ಲ, ನೋಡಿ. ಚಪ್ಪಲಿ ಇದ್ದಷ್ಟೇ ಇದೆ. ನಿಮ್ಮ ನೀರೆಲ್ಲ ಇಲ್ಲಿ ಬಂದು ಕೂತಿದೆ.

ಮೇಸ್ತ್ರಿ: ಹಾಗಾದ್ರೆ ಒಳ್ಳೇದೇ ಆಯ್ತಲ್ಲ! ಕೊನೇ ನಲ್ಲಿಯವರೆಗೂ ನೀರು ಮುಟ್ಟಿದೆ ಅಂತಾಯ್ತು.

ಟೈಲರಮ್ಮ: ಅಯ್ಯೋ ನನ್ನ ಕರ್ಮವೇ. ನಿಮ್ಮ ಮೈಯೊಳಗೆ ಏನೇನು ಎಲ್ಲೆಲ್ಲಿದೆ ಅಂದ್ಕೊಂಡಿದ್ದೀರಿ, ಅದನ್ನಾದ್ರೂ ಹೇಳಿ.

ಮೇಸ್ತ್ರಿ ಗತ್ತಿನಿಂದ ಸ್ಕ್ರೂಡ್ರೈವರನ್ನೇ ಕೋಲು ಮಾಡಿಕೊಂಡು ತನ್ನ ದೇಹದ ಮೇಲೆ ತೋರಿಸುತ್ತ ಬಂದ.

ಮೇಸ್ತ್ರಿ: ಇದು ಹೊಟ್ಟೆ, ಸಂಪು. ಕುಡಿದದ್ದು, ತಿಂದದ್ದು ಇಲ್ಲಿ ಬಂದು ನಿಲ್ಲತ್ತೆ. ಇದು ಎದೆ, ಪಂಪು. ಸಂಪಿಂದ ಎಳೆದು ಮೇಲಕ್ಕೆ ದೂಡತ್ತೆ. ಇದು ತಲೆ, ಟ್ಯಾಂಕು. ಟ್ಯಾಂಕು ತುಂಬಿದ ಮೇಲೆ ಕೈಗೆ, ಕಾಲಿಗೆ ತಾನಾಗಿ ಇಳಿಯತ್ತೆ. ಮೂರು ಅಂತಸ್ತಿನ ಮನೆಗೂ ಇದೇ, ಮನುಷ್ಯನಿಗೂ ಇದೇ.

ಟೈಲರಮ್ಮ: ಟ್ಯಾಂಕು ಖಾಲಿ ಅಂತ ನನಗೂ ಬಹಳ ಕಾಲದಿಂದ ಅನುಮಾನ ಇತ್ತು.

ಮೇಸ್ತ್ರಿ: ನಗು, ನಗು.

ಟೈಲರಮ್ಮ: ಸರಿ, ಒಂದು ಕೇಳ್ತೀನಿ. ಮನುಷ್ಯ ಮಲಗ್ತಾನೆ. ಆಗ ಸಂಪು, ಪಂಪು, ಟ್ಯಾಂಕು ಎಲ್ಲ ಒಂದೇ ಮಟ್ಟ. ಕಾಲಿಗೆ ಯಾರು ಹೋಗಿ ಕೊಟ್ಟು ಬರ್ತಾರೆ?

ಮೇಸ್ತ್ರಿ ಸ್ವಲ್ಪ ಯೋಚಿಸಿದ. ಮುಖ ಅರಳಿತು.

ಮೇಸ್ತ್ರಿ: ಅದಕ್ಕೇ ನಾನು ಈಚೆಗೆ ಮಲಗೋದೇ ಇಲ್ಲ!

ಆಡಿದ ಮೇಲೆ ಬಾಯಿ ಜಾರಿತೆಂದು ಅವನಿಗೆ ಹೊಳೆಯಿತು. ಕಳ್ಳರ ಕಾಟ, ಅಂಗಡಿ ಕಾಯಬೇಕು ಎಂದು ಹೇಳಿ ಅವನು ರಾತ್ರಿಯೆಲ್ಲ ಕುರ್ಚಿಯಲ್ಲಿ ಕೂತೇ ಕಳೆಯತೊಡಗಿ ತಿಂಗಳಾಗಿತ್ತು.

ಟೈಲರಮ್ಮ: ಓಹೋ. ಕಳ್ಳರು ಬರ್ತಾರೆ ಅಂದ್ರಲ್ಲ? ಈ ತುಕ್ಕನ್ನ ಹೊತ್ಕೊಂಡು ಹೋಗೋ ಕಳ್ಳ ಸಿಕ್ಕಿದ್ರೆ ನಾನೇ ಅವನಿಗೆ ಟೀ ಮಾಡಿಕೊಡ್ತಿದ್ದೆ. ಮಲಗಿದ್ರೆ ಉಸಿರು ಕಟ್ಟತ್ತೆ. ಹೌದೋ ಅಲ್ವೋ?

ಮೇಸ್ತ್ರಿ: ಉಸಿರಿಗೂ ಪಂಪಿಗೂ ಏನು ಸಂಬಂಧ? ಗಾಳಿ ಬೇರೆ ಲೈನು.

ಇದಕ್ಕೇ ಕಾದಿದ್ದವಳಂತೆ ಟೈಲರಮ್ಮ ಗೆರೆ ದಾಟಿ ತನ್ನ ಕಡೆಗೆ ಹೋದಳು. ಹೊಲಿಗೆ ಯಂತ್ರದ ಡ್ರಾಯರಿನಿಂದ ಮುಷ್ಟಿಗಿಂತ ಸ್ವಲ್ಪ ದೊಡ್ಡದಾದ, ನಾಲ್ಕಾರು ಕಡೆ ಬಾಲಗಳಿದ್ದ ಬಟ್ಟೆಯ ಗಂಟೊಂದನ್ನು ತೆಗೆದು ಅವನ ಮೇಜಿನ ಮೇಲಿಟ್ಟಳು.

ಮೇಸ್ತ್ರಿ: ಇದೇನು? ಬೊಂಬೆಗೆ ದಿಂಬಾ?

ಟೈಲರಮ್ಮ: ನಿಮ್ಮ ಹೃದಯ.

ಮೇಸ್ತ್ರಿ: ನನ್ನ ಹೃದಯ ಗೆರೆಗೆರೆ ಬಟ್ಟೆದಾ?

ಟೈಲರಮ್ಮ: ನಿಮ್ಮ ಹಳೇ ಪೈಜಾಮದ್ದು. ನಿಮ್ಮ ಹೃದಯಕ್ಕೆ ರೇಷ್ಮೆ ಯಾಕೆ ದಂಡ?

ಡಾಕ್ಟರು ಅವತ್ತು ಕಾಗದದ ಮೇಲೆ ಚಿತ್ರ ಬರೆದು ವಿವರಿಸುವಾಗ ಮೇಸ್ತ್ರಿ ಕಿಟಕಿಯಾಚೆ ಆಸ್ಪತ್ರೆಯ ನೀರಿನ ಟ್ಯಾಂಕನ್ನು ನೋಡುತ್ತ ಕೂತಿದ್ದ. ಟೈಲರಮ್ಮ ಮಾತ್ರ ಮೂರು ಸಲ ಮತ್ತೆ ಮತ್ತೆ ಕೇಳಿದಳು. ಮನೆಗೆ ಬಂದವಳೇ ಕಾಗದದಲ್ಲಿ ನಮೂನೆ ಕತ್ತರಿಸಿದಳು. ಮೊದಲನೆಯ ಸಲ ಚಿತ್ರದಲ್ಲಿದ್ದಂತೆಯೇ ಹೊಲಿದು, ಪೂರ್ತಿ ಬಿಚ್ಚಬೇಕಾಯಿತು. ಅಂಗಿಯ ಎಡಗೈ ಎಂದರೆ ಹಾಕಿಕೊಂಡವನ ಎಡಗೈ, ಎದುರು ನಿಂತು ನೋಡುವವನದಲ್ಲ; ಹೃದಯಕ್ಕೂ ಅದೇ ಲೆಕ್ಕ. ಕೈಗೆ ಬಂದ ಕಸುಬಿನಲ್ಲೇ ಮೋಸಹೋದೆನಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂದಿತ್ತು.

ಟೈಲರಮ್ಮ: ನೋಡಿ. ನಾಲ್ಕು ಜೇಬು. ಮೇಲೆ ಎರಡು, ಕೆಳಗೆ ಎರಡು. ನಡುವೆ ಪೂರ್ತಿ ಗೋಡೆ, ಬಲದ್ದು ಎಡಕ್ಕೆ ಸೇರೋ ಹಾಗಿಲ್ಲ. ಈ ನೀಲಿ ಗುಂಡಿ, ಕೆಂಪು ಗುಂಡಿ ಎಲ್ಲ ರಕ್ತ.

ಮೇಸ್ತ್ರಿ: ನೀಲಿ ಯಾಕೆ? ನಾನೇನು ಇಂಕಿನ ಬಾಟಲಿಯಾ?

ಟೈಲರಮ್ಮ: ಗುರುತಿಗೆ ರೀ. ನಿಜವಾಗಿ ಅದೂ ಕೆಂಪೇ, ಸ್ವಲ್ಪ ಕಪ್ಪುಗೆಂಪು. ಮೈಯೆಲ್ಲ ಸುತ್ತಿ, ಇದ್ದ ಆಮ್ಲಜನಕ ಹಂಚಿ, ಸುಸ್ತಾಗಿ ವಾಪಸ್ ಬಂದದ್ದು. ಬಲಗಡೆ ಮೇಲಿನ ಜೇಬಿಗೆ ಬರತ್ತೆ, ಈ ಬಾಗಿಲು ದಾಟಿ ಕೆಳಗಿನ ಜೇಬಿಗೆ ಇಳಿಯತ್ತೆ. ಅದು ಹಿಂಡಿದಾಗ ಪಕ್ಕದಲ್ಲೇ ಇರೋ ಶ್ವಾಸಕೋಶಕ್ಕೆ ಹೋಗತ್ತೆ. ಅಲ್ಲಿ ಗಾಳಿ ತುಂಬಿಕೊಂಡು, ಕೆಂಪಾಗಿ, ಎಡಗಡೆ ಮೇಲಿನ ಜೇಬಿಗೆ ಬರತ್ತೆ. ಅಲ್ಲಿಂದ ಎಡಗಡೆ ಕೆಳಗಿನ ಜೇಬು. ಅದು ಹಿಂಡಿದ್ರೆ ನೆತ್ತಿಯಿಂದ ಅಂಗುಷ್ಠದವರೆಗೆ.

ಮೇಸ್ತ್ರಿ: ತಾಳು, ತಾಳು. ಒಂದೇ ಮೋಟಾರಿಗೆ ಎರಡು ಪಂಪಾ?

ಟೈಲರಮ್ಮ: ಹೂಂ. ಒಟ್ಟಿಗೇ ಹಿಂಡ್ತಾವೆ.

ಮೇಸ್ತ್ರಿ: ಈ ಕೆಳಗಿನ ಎಡಗಡೆಗೆ ಯಾಕೆ ದಪ್ಪ ಜೀನ್ಸ್ ಬಟ್ಟೆ ಹಾಕಿದ್ದೀ?

ಟೈಲರಮ್ಮ: ಬಲಗಡೆಯವನು ಪಕ್ಕದ ಮನೆಗೆ ತಲುಪಿಸಿದ್ರೆ ಸಾಕು. ಎಡಗಡೆಯವನು ಊರೆಲ್ಲ ಸುತ್ತಬೇಕು. ಅವನ ಗೋಡೆ ದಪ್ಪ.

ಮೇಸ್ತ್ರಿ ಬೇಡ ಬೇಡವೆಂದುಕೊಂಡೇ ತಲೆಯಾಡಿಸಿದ. ಎತ್ತರಕ್ಕೆ ದೂಡುವ ಕಡೆ ಗೋಡೆ ದಪ್ಪವಿರಬೇಕು. ಯಾರು ಮಾಡಿದ್ದೋ, ಕೆಲಸ ಬಲ್ಲವನೇ ಮಾಡಿದ್ದ. ಆದರೆ ಅವನ ಬೆರಳು ಆ ಗಂಟಿನ ಸುತ್ತ ಏನನ್ನೋ ಹುಡುಕುತ್ತಲೇ ಇತ್ತು.

ಮೇಸ್ತ್ರಿ: ಸಂಪು ಎಲ್ಲಿ?

ಟೈಲರಮ್ಮ: ಇಲ್ಲ.

ಮೇಸ್ತ್ರಿ: ಟ್ಯಾಂಕು?

ಟೈಲರಮ್ಮ: ಅದೂ ಇಲ್ಲ. ಇದ್ದ ರಕ್ತವೇ ಸುತ್ತತ್ತೆ. ಹೊರಟದ್ದು ಕವಲೊಡೆದು, ಕವಲೊಡೆದು, ನನ್ನ ದಾರಕ್ಕಿಂತ ಎಷ್ಟೋ ಸಣ್ಣ ನಾಳ ಆಗತ್ತೆ. ಆಮೇಲೆ ಅವೇ ಒಂದಕ್ಕೊಂದು ಸೇರಿ ದಪ್ಪ ಆಗ್ತಾ ಇಲ್ಲಿಗೇ ವಾಪಸ್. ಎಲ್ಲೂ ಖಾಲಿ ಜಾಗ ಇಲ್ಲ, ಗಾಳಿ ಸೇರೋ ಮಾತೇ ಇಲ್ಲ. ಸುರಿದು ತುಂಬಿಸಬೇಕಾದ್ದು ಏನೂ ಇಲ್ಲ.

ಮೇಸ್ತ್ರಿ: ಸಂಪಿಲ್ಲದ ಪಂಪು! ಚೆನ್ನಾಗಿದೆ. ನಾಳೆ ಕೊಡವಿಲ್ಲದ ನೀರು ಅಂತೀಯಾ. ಅದಿರಲಿ, ಟ್ಯಾಂಕಿಲ್ಲ ಅಂದ್ಮೇಲೆ ಕಾಲಿಗಿಳಿದ ರಕ್ತ ಮೇಲಕ್ಕೆ ಹೇಗೆ ಹತ್ತತ್ತೆ?

ಟೈಲರಮ್ಮ: ನಡೆಯುವಾಗ ಮೀನಖಂಡ ಹಿಂಡತ್ತೆ. ಕಾಲಿನ ನಾಳದೊಳಗೆ ಅಲ್ಲಲ್ಲಿ ಪುಟ್ಟ ಪುಟ್ಟ ಬಾಗಿಲಿದೆಯಂತೆ. ಮೇಲಕ್ಕೆ ಬಿಡ್ತಾವೆ, ಕೆಳಕ್ಕೆ ಬಿಡಲ್ಲ.

ಮೇಸ್ತ್ರಿ ಮೇಜು ಕುಟ್ಟಿದ. ಮೇಲಿದ್ದ ನಟ್ಟುಗಳು ಎಗರಿ ಬಿದ್ದವು.

ಮೇಸ್ತ್ರಿ: ಹಾಗೆ ಹೇಳು! ವಾಲ್ವಿದೆ! ಲೈನಿನ ಮಧ್ಯೆ ಮಧ್ಯೆ ವಾಲ್ವಿದೆ! ನಾನು ಆಗಿನಿಂದ ಬಡ್ಕೊಳ್ತಿಲ್ವಾ?

ಟೈಲರಮ್ಮ: ನೀವು ಬಡ್ಕೊಂಡದ್ದು ಸಂಪು ಅಂತ.

ಮೇಸ್ತ್ರಿ: ಒಂದು ಕಡೆ ಗೆದ್ದಿದ್ದೀನಿ, ಗೆಲ್ಲೋಕೆ ಬಿಡು. ಮತ್ತೆ ಈ ಪಂಪಿಗೇ ರಕ್ತ ಬೇಕಲ್ಲ? ಹೊಟ್ಟೆ ತುಂಬ ರಕ್ತ ಇಟ್ಕೊಂಡಿದೆ, ಅದನ್ನೇ ಕುಡಿಯತ್ತೋ?

ಟೈಲರಮ್ಮ: ಇಲ್ಲ. ಹೊರಗೆ ಹೋಗೋ ದೊಡ್ಡ ನಾಳದ ಬುಡದಲ್ಲೇ ಎರಡು ಸಣ್ಣ ಕವಲು ತಿರುಗಿಸಿಕೊಂಡಿದೆ. ಊರಿಗೆಲ್ಲ ಬಡಿಸೋ ಮುಂಚೆ ಮೊದಲ ತುತ್ತು ತನಗೆ.

ಮೇಸ್ತ್ರಿ: ನಿನ್ನ ತಮ್ಮನ ಥರ.

ಟೈಲರಮ್ಮ: ನನ್ನ ತಮ್ಮ ಬಡಿಸೋದೂ ಇಲ್ಲ. ಈಗ ಇಲ್ಲಿ ನೋಡಿ. ನಿಮ್ಮ ಕಥೆ ಇರೋದು ಇಲ್ಲಿ.

ಅವಳು ಎಡಗಡೆಯ ಎರಡು ಜೇಬುಗಳ ನಡುವಿನ ಹೊಲಿಗೆಯನ್ನು ಅಗಲಿಸಿ ತೋರಿಸಿದಳು. ಕಾಲರಿಗೆ ಹಾಕುವ ಗಟ್ಟಿ ಬಟ್ಟೆಯ ಎರಡು ಪುಟ್ಟ ಎಸಳು, ಬಾಗಿಲಿನಂತೆ. ಎಸಳುಗಳ ಅಂಚಿನಿಂದ ಕೆಳಗಿನ ಜೇಬಿನ ಗೋಡೆಗೆ ಸಣ್ಣ ಸಣ್ಣ ದಾರಗಳು, ಕೊಡೆಯ ಕಡ್ಡಿಗಳಂತೆ.

ಮೇಸ್ತ್ರಿ: ಈ ದಾರ ಕತ್ತರಿಸೋದು ಮರೆತಿದ್ದೀಯಾ.

ಟೈಲರಮ್ಮ: ಮರೆತದ್ದಲ್ಲ. ಹಾಗೇ ಇರೋದು. ಕೆಳಗಿನ ಜೇಬು ಜೋರಾಗಿ ಹಿಂಡಿದಾಗ ಬಾಗಿಲು ಮೇಲಕ್ಕೆ ಮಗುಚಿಕೊಳ್ಳಬಾರದಲ್ಲ, ಅದಕ್ಕೆ ಈ ದಾರ ಹಿಡಿದು ನಿಲ್ಲಿಸತ್ತೆ.

ಮೇಸ್ತ್ರಿ: ದಾರ ಇರೋ ವಾಲ್ವಾ? ನನ್ನ ಜನ್ಮದಲ್ಲಿ ನೋಡಿಲ್ಲ.

ಟೈಲರಮ್ಮ: ನಿಮ್ಮ ಜನ್ಮ ಪೂರ್ತಿ ಅದರ ಮೇಲೇ ನಡೆದಿದೆ. ನೋಡಿ ಈಗ.

ಅವಳು ಕತ್ತರಿಯ ತುದಿಯಿಂದ ಒಂದು ದಾರವನ್ನು ಚಟ್ ಎಂದು ಕತ್ತರಿಸಿದಳು.

ಮೇಸ್ತ್ರಿಯ ಕೈ ತಾನಾಗಿ ಎದೆಗೆ ಹೋಯಿತು.

ಟೈಲರಮ್ಮ ಅದನ್ನು ಕಂಡೂ ಕಾಣದವಳಂತೆ, ಜೀನ್ಸಿನ ಜೇಬನ್ನು ಹೆಬ್ಬೆರಳಿನಿಂದ ಒತ್ತಿದಳು. ಕೆಂಪು ಗುಂಡಿಗಳಲ್ಲಿ ಅರ್ಧ ಹೊರಗಿನ ನಾಳದ ಬಾಲಕ್ಕೆ ಹೋದವು. ಇನ್ನರ್ಧ, ಮಗುಚಿಕೊಂಡ ಎಸಳಿನ ಸಂದಿಯಿಂದ ನುಸುಳಿ ಮೇಲಿನ ಜೇಬಿಗೆ ಹಿಂತಿರುಗಿದವು.

ಟೈಲರಮ್ಮ: ಸ್ಸ್. ಇದೇ ಆ ಶಬ್ದ. ಮುಂದೆ ಹೋಗಬೇಕಾದ್ದು ಹಿಂದೆ ಬಂತು. ಹಿಂದೆ ಏನಿದೆ? ಶ್ವಾಸಕೋಶ. ಅಲ್ಲಿ ಒತ್ತಡ ಏರತ್ತೆ, ನೀರು ಜಿನುಗತ್ತೆ. ಮಲಗಿದ್ರೆ ಇನ್ನೂ ಹೆಚ್ಚು. ಅದಕ್ಕೇ ನಿಮಗೆ ಕುರ್ಚಿ. ಇದರ ಮೇಲೆ ನೀವು ಬೆಳಿಗ್ಗೆ ಒಂದು ಜಗ್ಗು, ಸಂಜೆ ಒಂದು ಜಗ್ಗು. ಇನ್ನೂ ಹೇಳಲಾ?

ಮೇಸ್ತ್ರಿ ಆ ಕತ್ತರಿಸಿದ ದಾರವನ್ನು ನೋಡಿದ. ಆಮೇಲೆ ಜಗ್ಗನ್ನು ಕಾಲಿನಿಂದ ಮೆಲ್ಲಗೆ ಮೇಜಿನ ಅಡಿಗೆ ನೂಕಿದ.

ಮೇಸ್ತ್ರಿ: ರಿಪೇರಿ ಹೇಗೆ ಮಾಡ್ತಾರಂತೆ? ವಾಷರು ಬದಲಾಯಿಸ್ತಾರಾ?

ಟೈಲರಮ್ಮ: ಹೊಲೀತಾರೆ.

ಮೇಸ್ತ್ರಿ: ಏನು?

ಟೈಲರಮ್ಮ: ಸೂಜಿ, ದಾರ. ಹರಿದ ದಾರದ ಬದಲಿಗೆ ಹೊಸ ದಾರ ಕಟ್ಟಿ, ಬಾಗಿಲ ಅಂಚಿಗೆ ಹೊಲಿಗೆ ಹಾಕ್ತಾರೆ.

ಮೇಸ್ತ್ರಿಯ ಮುಖ ಕೆಂಪಾಯಿತು. ಕಾಯಿಲೆಯ ಸುದ್ದಿಗೂ ಅಷ್ಟು ಕೆಂಪಾಗಿರಲಿಲ್ಲ.

ಮೇಸ್ತ್ರಿ: ಅಂದ್ರೆ ನನ್ನೊಳಗಿರೋದು ಪಂಪು, ರಿಪೇರಿ ಮಾತ್ರ ಟೈಲರಿಂಗು?

ಟೈಲರಮ್ಮ: ನಾನೇನು ಮಾಡಲಿ? ನನ್ನ ಸೂಜಿ ಸ್ವಲ್ಪ ಉದ್ದ ಇದ್ದಿದ್ರೆ ಮನೇಲೇ ಮುಗಿಸಿಬಿಡ್ತಿದ್ದೆ. ಜೊತೆಗೆ ಬಾಯಿಗೂ ಎರಡು ಹೊಲಿಗೆ.

ಮೇಸ್ತ್ರಿ: ಇಷ್ಟು ವರ್ಷ ಗೆರೆಯ ಆ ಕಡೆ ಇದ್ದೆ. ಈಗ ನನ್ನ ಎದೆಯೊಳಕ್ಕೇ ಬಂದ್ಯಲ್ಲೇ!

ಇಬ್ಬರೂ ನಕ್ಕರು. ನಗು ಅವನಲ್ಲಿ ಮೊದಲು ಮುಗಿಯಿತು, ಉಸಿರು ಸಾಲಲಿಲ್ಲ. ಮೇಜಿಗೆ ಕೈಯಾನಿಸಿ ಸುಧಾರಿಸಿಕೊಂಡು, ಅವನು ದನಿ ತಗ್ಗಿಸಿ ಕೇಳಿದ.

ಮೇಸ್ತ್ರಿ: ಓಡ್ತಿರೋ ಪಂಪನ್ನ ಯಾರೂ ಬಿಚ್ಚಲ್ಲ. ನಿಲ್ಲಿಸ್ತಾರಾ?

ಟೈಲರಮ್ಮ: ಸ್ವಲ್ಪ ಹೊತ್ತು. ಆಗ ಹೊರಗಿರೋ ಯಂತ್ರವೊಂದು ಆ ಕೆಲಸ ಮಾಡತ್ತೆ. ನೀವು ಗಿರಾಕಿಗಳಿಗೆ ಬದಲಿ ಪಂಪು ಕೊಟ್ಟು ಕಳಿಸ್ತೀರಲ್ಲ, ಹಾಗೆ.

ಮೇಸ್ತ್ರಿ: ನಿಲ್ಲಿಸೋದು ಸುಲಭ ಕಣೇ. ಸ್ವಿಚ್ಚು. ಮತ್ತೆ ಶುರುವಾಗಬೇಕಲ್ಲ? ಆ ಮೂಲೆ ನೋಡು.

ಮೂಲೆಯಲ್ಲಿ, ಎಣ್ಣೆಯ ಚಿಂದಿ ಹೊದ್ದುಕೊಂಡು ಏಳೆಂಟು ಪಂಪುಗಳು ಬಿದ್ದಿದ್ದವು.

ಮೇಸ್ತ್ರಿ: ಅವೆಲ್ಲ ನಾನೇ ಬಿಚ್ಚಿದವು. ಈ ಕೈಯಲ್ಲೇ. ಒಂದೂ ಮತ್ತೆ ಓಡಲಿಲ್ಲ. ಅವುಗಳ ಪಕ್ಕದಲ್ಲಿ ಕೂತೇ ನಾನು ದಿನಾ ಊಟ ಮಾಡೋದು. ಈಗ ಹೇಳು ನಿನ್ನ ಜೇಬಿನ ಕಥೆ.

ಟೈಲರಮ್ಮ ಗುಂಡಿಗಳನ್ನು ಒಂದೊಂದಾಗಿ ಆರಿಸಿ ಡಬ್ಬಿಗೆ ಹಾಕತೊಡಗಿದಳು. ಕಿಟಕಿಯ ಬಿಸಿಲು ಸುಣ್ಣದ ಗೆರೆಯ ಹತ್ತಿರಕ್ಕೆ ಬಂದಿತ್ತು. ಅದು ಗೆರೆ ದಾಟಿದರೆ ಮಧ್ಯಾಹ್ನ.

ಹೊರಗೆ ವ್ಯಾನಿನ ಹಾರನ್ನು ಕೇಳಿತು. ಬೀದಿಯ ಕೊನೆಯ ಲಾಂಡ್ರಿಯವನು, ಒಗೆದು ಇಸ್ತ್ರಿ ಮಾಡಿದ ಬಟ್ಟೆಗಳನ್ನು ಮನೆಮನೆಗೆ ಮುಟ್ಟಿಸುವ ತನ್ನ ವ್ಯಾನಿನಿಂದ ಪಂಪೊಂದನ್ನು ಅವುಚಿಕೊಂಡು ಇಳಿದು ಬಂದ.

ಲಾಂಡ್ರಿಯವನು: ನಮಸ್ಕಾರ ಮೇಸ್ತ್ರಿಗಳೇ. ಅಕ್ಕಾ, ನಮಸ್ಕಾರ. ಇದೊಂಚೂರು ಹೊರಗಿಂದಲೇ ನೋಡಿಬಿಡಿ. ಬಿಚ್ಚೋದು ಬೇಡ.

ಮೇಸ್ತ್ರಿ ಸ್ಕ್ರೂಡ್ರೈವರು ಇಟ್ಟು, ಪಂಪು ಓಡಿಸಿ ಕೇಳಿದ. ಅರ್ಧ ಗಳಿಗೆಯೂ ಬೇಕಾಗಲಿಲ್ಲ.

ಮೇಸ್ತ್ರಿ: ವಾಲ್ವು ಪೂರ್ತಿ ಹೋಗಿದೆ. ಈ ಶಬ್ದ ಯಾವತ್ತಿಂದ?

ಲಾಂಡ್ರಿಯವನು: ಹೋದ ಬೇಸಿಗೆಯಿಂದ. ಆದ್ರೆ ಓಡ್ತಿದೆ ಮೇಸ್ತ್ರಿಗಳೇ! ಬೆಳಿಗ್ಗೆ ಎರಡು ಬಕೆಟ್ಟು ಕುಡಿಸಿದ್ರೆ ಹಿಡ್ಕೊಂಡುಬಿಡತ್ತೆ.

ಮೇಸ್ತ್ರಿ: ಬೇಸಿಗೆಯಿಂದ ಬಕೆಟ್ಟಾ? ಯಾವ ತಲೆಕೆಟ್ಟವನಯ್ಯಾ ಹೇಳಿದ್ದು?

ಲಾಂಡ್ರಿಯವನು: ನೀವೇ.

ಮೇಸ್ತ್ರಿ: ನಾನು ಹೇಳಿದ್ದು ಒಂದು ದಿನಕ್ಕೆ! ಇಲ್ಲಿಗೆ ತರೋವರೆಗೆ! ಅದನ್ನೇ ಸಂಸಾರ ಮಾಡ್ಕೊಂಡು ಕೂತಿದ್ದೀಯಲ್ಲ! ನೀರು ಸುರಿದ್ರೆ ವಾಲ್ವು ಬೆಳೆದುಬಿಡತ್ತಾ? ಅದೇನು ಗಿಡವಾ?

ಟೈಲರಮ್ಮ ಸೂಜಿಗೆ ದಾರ ಪೋಣಿಸುತ್ತ ತಲೆ ಬಗ್ಗಿಸಿದಳು.

ಲಾಂಡ್ರಿಯವನು: ಬಿಚ್ಚಬೇಕು ಅಂತೀರಿ. ನಿಲ್ಲಿಸಿ ಬಿಚ್ಚಿದ ಮೇಲೆ ಮತ್ತೆ ಓಡದೇ ಹೋದ್ರೆ? ಈಗ ಹೇಗೋ ನಡೀತಿದೆಯಲ್ಲ...

ಮೇಸ್ತ್ರಿ: ನಡೀತಿಲ್ಲ, ತೆವಳ್ತಿದೆ! ನಿಲ್ಲಿಸದೆ, ಬಿಚ್ಚದೆ ರಿಪೇರಿ ಮಾಡೋಕೆ ನಾನೇನು ಮಂತ್ರ ಹಾಕೋನಾ? ಬದಲಿ ಪಂಪು ಕೊಡ್ತೀನಿ, ತಗೊಂಡು ಹೋಗು. ನಿನ್ನ ಕೆಲಸ ನಿಲ್ಲಲ್ಲ. ಇದರ ಮೋಟಾರಿನ್ನೂ ಗಟ್ಟಿಯಾಗಿದೆ, ಈಗ ಬಿಚ್ಚಿದ್ರೆ ಇನ್ನೂ ಎಷ್ಟೋ ವರ್ಷ ಓಡತ್ತೆ.

ಲಾಂಡ್ರಿಯವನು: ಹಾಗಾದ್ರೆ ಆ ಮೂಲೆಯವು? ಅವೂ ಬಿಚ್ಚಿದವೇ ಅಲ್ವಾ?

ಮೇಸ್ತ್ರಿ: ಅವು ತಡವಾಗಿ ಬಂದವು ಕಣಯ್ಯಾ! ನಿನ್ನಂಥವರು ಬಕೆಟ್ಟು ಸುರಿದೂ ಸುರಿದೂ, ಮೋಟಾರು ಸುಟ್ಟ ಮೇಲೆ ಹೊತ್ಕೊಂಡು ಬಂದದ್ದು! ಬಿಚ್ಚಿದ್ದಕ್ಕೆ ಸತ್ತವಲ್ಲ ಅವು, ತಡವಾಗಿ...



ಕೋಣೆಯಲ್ಲಿ ಲಾಂಡ್ರಿಯವನ ಪಂಪು ಮಾತ್ರ ಗುಡ್, ಸ್ಸ್ ಎನ್ನುತ್ತಿತ್ತು. ಮೇಸ್ತ್ರಿ ಕೈ ಚಾಚಿ ಅದರ ಸ್ವಿಚ್ಚು ಆರಿಸಿದ. ಆಮೇಲೆ ನಿಧಾನವಾಗಿ ಹೆಂಡತಿಯ ಕಡೆ ತಿರುಗಿದ. ಟೈಲರಮ್ಮ ಕತ್ತರಿಸಿದ್ದ ದಾರದ ಜಾಗದಲ್ಲಿ ಹೊಸ ದಾರವೊಂದನ್ನು ಕಟ್ಟಿ, ಗಂಟಿನ ತುದಿಯನ್ನು ಹಲ್ಲಿನಲ್ಲಿ ಕಚ್ಚುತ್ತಿದ್ದಳು. ಅಷ್ಟು ಮುಗ್ಧ ಮುಖವನ್ನು ಅವನು ಮದುವೆಯ ದಿನವೂ ನೋಡಿರಲಿಲ್ಲ.

ಮೇಸ್ತ್ರಿ: ಇವನು ಇವತ್ತೇ ಯಾಕೆ ಬಂದ?

ಟೈಲರಮ್ಮ: ನನಗೇನು ಗೊತ್ತು? ಪಂಪು ಕೆಟ್ಟಿರಬೇಕು.

ಲಾಂಡ್ರಿಯವನು: ಅಕ್ಕಾನೇ ಅಲ್ವಾ ಹೇಳಿದ್ದು, ಇವತ್ತೇ ತಗೊಂಡು ಬಾ, ಮಧ್ಯಾಹ್ನದ ಒಳಗೆ ಬಾ, ಬಿಚ್ಚೋದು ಬೇಡ ಅಂತ ಹಟ ಹಿಡಿ ಅಂತ... ಹೇಳಬಾರದಿತ್ತಾ ಅಕ್ಕಾ?

ಟೈಲರಮ್ಮ: ಹೇಳಿಯಾದ ಮೇಲೆ ಕೇಳ್ತೀಯಲ್ಲ.

ಮೇಸ್ತ್ರಿ: ನನ್ನ ಅಂಗಡಿಯಲ್ಲೇ ನನಗೆ ನಾಟಕ!

ಟೈಲರಮ್ಮ: ನಾಟಕ ನನ್ನದಿರಬಹುದು. ಮಾತೆಲ್ಲ ನಿಮ್ಮದೇ. ನಾನು ಒಂದಾದ್ರೂ ಹೇಳಿಕೊಟ್ಟೆನಾ?

ಮೇಸ್ತ್ರಿ ಅಂಗಿಯ ಗುಂಡಿಗಳನ್ನು ಕತ್ತಿನವರೆಗೂ ಹಾಕಿಕೊಂಡ. ಕಪಾಟಿನಲ್ಲಿದ್ದ ಬದಲಿ ಪಂಪನ್ನು ತೋರಿಸಿ, ಎತ್ತಿಕೊಳ್ಳೆಂದು ಲಾಂಡ್ರಿಯವನಿಗೆ ಸನ್ನೆ ಮಾಡಿದ.

ಮೇಸ್ತ್ರಿ: ನಿಂದು ನಾನು ವಾಪಸ್ ಬಂದ ಮೇಲೆ ಬಿಚ್ಚೋದು. ಅಲ್ಲಿಯವರೆಗೆ ಇದನ್ನ ಇಟ್ಕೊ. ಒಂದು ಬಕೆಟ್ಟು ಸುರಿದೆ ಅಂತ ಗೊತ್ತಾದ್ರೆ ನೋಡು. ವ್ಯಾನಿನಲ್ಲಿ ಜಾಗ ಇದೆಯಾ?

ಲಾಂಡ್ರಿಯವನು: ಇದೆ, ಅಂಗಿಗಳ ಮಧ್ಯೆ. ಎಲ್ಲಿಗೆ?

ಮೇಸ್ತ್ರಿ: ಆಸ್ಪತ್ರೆಗೆ. ತಪ್ಪು ತಿಳ್ಕೊಳ್ಳಬೇಡಿ. ಅವರ ಆ ಹೊರಗಿನ ಯಂತ್ರ ಯಾವ ಕಂಪನಿದು, ಯಾವಾಗ ಸರ್ವಿಸ್ ಆಗಿದೆ, ನೋಡಬೇಕು. ಬದಲಿ ಪಂಪನ್ನ ಪರೀಕ್ಷೆ ಮಾಡದೆ ಕೂರಿಸೋ ಜಾತಿಯವನಲ್ಲ ನಾನು.

ಟೈಲರಮ್ಮ ಚೀಲ ಎತ್ತಿಕೊಂಡಳು. ಬಟ್ಟೆಯ ಹೃದಯವನ್ನು ಗಟ್ಟಿಯಾಗಿ ಹಿಡಿದುಕೊಂಡು ಮಾತಿಗೆ ತೊಡಗಿದಳು.

ಟೈಲರಮ್ಮ: ಸ್ವಲ್ಪ ತಾಳಿ, ಇನ್ನೂ ಎರಡು ಬಾಗಿಲು ನಾನು ಹೇಳಲೇ ಇಲ್ಲ. ಹೊರಗೆ ಹೋಗೋ ನಾಳಗಳ ಬಾಯಲ್ಲಿ ಒಂದೊಂದಿದೆ, ಅರ್ಧಚಂದ್ರದ ಹಾಗೆ ಮೂರು ಮೂರು ಎಸಳು. ಅವಕ್ಕೆ ದಾರ ಇಲ್ಲ. ಗುಡ್ ಅಂತ ಮೊದಲು ಕೇಳೋದು ಜೇಬುಗಳ ನಡುವಿನ ಬಾಗಿಲು ಮುಚ್ಚಿದ್ದು, ಎರಡನೇ ಸಲ ಕೇಳೋದು ಈ...

ಮೇಸ್ತ್ರಿ: ಅದನ್ನೆಲ್ಲ ಆ ಡಾಕ್ಟರಿಗೆ ಹೇಳು. ಗೊತ್ತಿಲ್ಲದಿದ್ರೆ ಕಲ್ತುಕೊಳ್ಳಲಿ.

ಟೈಲರಮ್ಮ: ರೀ, ಪೂರ್ತಿ ಕೇಳಿಸ್ಕೊಳ್ಳಿ. ಅರ್ಧ ಕಲಿತು ಹೋಗಬಾರದು, ಆ ಎಸಳುಗಳು ಹೇಗೆ...

ಆದರೆ ಅವನು ಆಗಲೇ ಉದ್ದನೆಯ ಸ್ಕ್ರೂಡ್ರೈವರನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಗೆರೆ ದಾಟಿ, ಹೊಸ್ತಿಲು ದಾಟಿ, ಬಿಗಿಯಾದ ಚಪ್ಪಲಿಯನ್ನು ಎಳೆಯುತ್ತ ವ್ಯಾನಿನ ಕಡೆ ನಡೆದುಬಿಟ್ಟಿದ್ದ.